ಮೊದಲ ಕೋಳಿಗೆ ಮೊಟ್ಟೆ ಲೆಕ್ಕ ಸಾಲದು, ಮನೆ ಲೆಕ್ಕವೂ ಬೇಕು

ಮಳೆಗಾಲ ಕಳೆದು ಅಂಗಳ ಒಣಗಿತೆಂದರೆ ಸಾಕು, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಮಾತು ಏಳುತ್ತದೆ: 'ಈ ವರ್ಷ ನಾಲ್ಕು ಕೋಳಿ ಸಾಕಿದರೆ ಹೇಗೆ?' ಹಿತ್ತಿಲು ಉಂಟು, ಅನ್ನದ ಉಳಿಕೆ ಉಂಟು, ಹಗಲಿಡೀ ಮನೆಯಲ್ಲಿರುವ ಅಮ್ಮನೋ ಅತ್ತೆಯೋ ಇದ್ದಾರೆ. ನಾಮಕ್ಕಲ್‌ನಿಂದ ಲಾರಿಯಲ್ಲಿ ಬರುವ ಮೊಟ್ಟೆಗೆ ವಾರ ವಾರವೂ ದುಡ್ಡು ಕೊಡುವ ಬದಲು ಮನೆಯದ್ದೇ ಆದರೆ ಒಳ್ಳೆಯದಲ್ಲವೇ? ಆಸೆಯಲ್ಲಿ ತಪ್ಪೇನೂ ಇಲ್ಲ.

ತಪ್ಪಾಗುವುದು ಆಮೇಲೆ. ಬುಟ್ಟಿ ಕಟ್ಟಿಕೊಂಡ ಗಾಡಿಯೊಂದು ಗೇಟಿನ ಮುಂದೆ ನಿಲ್ಲುತ್ತದೆ. 'ಇದು ಮೊಟ್ಟೆ ಇಡ್ತದಾ ಅಣ್ಣ?' ಎಂದು ಮನೆಯಾಕೆ ಕೇಳುತ್ತಾರೆ. 'ಇಡದೆ ಮತ್ತೆಂತ ಅಕ್ಕ, ದಿನಕ್ಕೊಂದು!' ಅಂತ ಉತ್ತರ ಬರುತ್ತದೆ. ತಳಿ ಯಾವುದು, ಎಷ್ಟು ದಿನದ ಮರಿ, ಲಸಿಕೆ ಆಗಿದೆಯಾ, ಹೇಂಟೆ ಎಷ್ಟು, ಹುಂಜ ಎಷ್ಟು ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ. ಹತ್ತು ಮರಿ ಮನೆಯೊಳಗೆ ಬರುತ್ತವೆ. ಎರಡನ್ನು ಕಾಗೆ, ಗಿಡುಗ ಎತ್ತಿಕೊಂಡು ಹೋಗುತ್ತವೆ. ಉಳಿದದ್ದರಲ್ಲಿ ಅರ್ಧಕ್ಕರ್ಧ ಹುಂಜ ಎಂದು ಮೂರು ತಿಂಗಳಾದ ಮೇಲೆ ಗೊತ್ತಾಗುತ್ತದೆ. ಬೇಸಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದರೆ ನಾಲ್ಕು ಕೋಳಿ ಕತ್ತು ತಿರುಚಿಕೊಂಡು ಬಿದ್ದಿರುತ್ತವೆ. ವಾರದೊಳಗೆ ಎಲ್ಲ ಖಾಲಿ. ಆಮೇಲೆ ಆ ಗೂಡಿಗೆ ಸೌದೆ ತುಂಬುತ್ತಾರೆ. 'ನಮ್ಮ ಮನೆಗೆ ಕೋಳಿ ಆಗಿ ಬರುವುದಿಲ್ಲ' ಎಂಬ ತೀರ್ಮಾನವೂ ಆಗಿಬಿಡುತ್ತದೆ.

ಆಗಿ ಬಾರದ್ದು ಕೋಳಿಯಲ್ಲ, ಆಯ್ಕೆ. ಮೊದಲ ಬಾರಿ ಸಾಕುವವರು ಕೈ ಸುಟ್ಟುಕೊಂಡರೆ ಎರಡನೇ ಸಲ ಆ ಕಡೆ ತಿರುಗಿಯೂ ನೋಡುವುದಿಲ್ಲ. ಹೋಗುವುದು ಕೆಲವು ನೂರು ರೂಪಾಯಿ ಮಾತ್ರವಲ್ಲ. ಮನೆಯ ಹೆಂಗಸಿನ ಕೈಯಲ್ಲಿ ಯಾರನ್ನೂ ಕೇಳದೆ ಓಡಾಡಬಹುದಾಗಿದ್ದ ಸಣ್ಣ ದುಡ್ಡು, ಮಕ್ಕಳ ಬಟ್ಟಲಿಗೆ ಬೀಳಬಹುದಾಗಿದ್ದ ಮೊಟ್ಟೆ ಎರಡೂ ಹೋಗುತ್ತವೆ. ಆದ್ದರಿಂದ ಯಾವ ಕೋಳಿ ಎಂಬ ಪ್ರಶ್ನೆಯನ್ನು ಗಾಡಿಯವನಿಗೆ ಬಿಟ್ಟುಕೊಡುವುದು ಸರಿಯಲ್ಲ.

ಎರಡು ರಾಜ್ಯ, ಹತ್ತು ಹೆಸರು

ಗಡಿನಾಡಿನ ಕನ್ನಡ ಮನೆಗಳಿಗೆ ಇಲ್ಲೊಂದು ವಿಶೇಷ ತಾಪತ್ರಯ ಉಂಟು. ವಿಟ್ಲದಿಂದಲೋ ಪುತ್ತೂರಿನಿಂದಲೋ ಬರುವ ನೆಂಟರು 'ಗಿರಿರಾಜ ತೆಗೊಳ್ಳಿ' ಅನ್ನುತ್ತಾರೆ. ಪಂಚಾಯತ್ ಯೋಜನೆಯಲ್ಲಿ ಬರುವುದು ಬೇರೆಯೇ ಹೆಸರಿನ ಮರಿ. ಕುಟುಂಬಶ್ರೀ ಘಟಕದಲ್ಲಿ 'ಬಿವಿ 380' ಎಂದು ಯಾರೋ ಹೇಳಿರುತ್ತಾರೆ. ಮೊಬೈಲ್ ತೆರೆದರೆ ಕಡಕ್‌ನಾಥ್‌ನದ್ದೇ ಸುದ್ದಿ. ಕೇರಳದವರಿಗೆ ಕೇರಳದ ತಳಿ ಗೊತ್ತು, ಕರ್ನಾಟಕದವರಿಗೆ ಅಲ್ಲಿಯದು ಗೊತ್ತು. ಎರಡರ ನಡುವೆ ಇರುವವರಿಗೆ ಎಲ್ಲವೂ ಕಿವಿಗೆ ಬೀಳುತ್ತದೆ, ಯಾವುದೂ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳಬೇಕು.

ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1989ರಲ್ಲಿ ಹೊರತಂದ ತಳಿ. ಬಣ್ಣ ಬಣ್ಣದ ಗರಿ, ದೊಡ್ಡ ಮೈ. ಮಾಂಸಕ್ಕೂ ಆಯಿತು, ಮೊಟ್ಟೆಗೂ ಆಯಿತು. ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. ಅದೇ ಹೆಬ್ಬಾಳದಿಂದ 2005ರಲ್ಲಿ ಬಂದದ್ದು ಸ್ವರ್ಣಧಾರ. ಗಿರಿರಾಜಕ್ಕಿಂತ ಹಗುರ, ಮೊಟ್ಟೆ ಹೆಚ್ಚು. ವರ್ಷಕ್ಕೆ 180ರ ಮೇಲೆ ಎಂಬುದು ತಜ್ಞರ ಲೆಕ್ಕ. ಹಗುರ ಎಂಬುದು ಸಣ್ಣ ಮಾತಲ್ಲ. ನಾಯಿ, ಮುಂಗುಸಿ ಬಂದಾಗ ಹಾರಿ ತಪ್ಪಿಸಿಕೊಳ್ಳುವ ಕೋಳಿಯೇ ಹಿತ್ತಿಲಲ್ಲಿ ಉಳಿಯುವುದು.

ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರಕಾರದ ಕೋಳಿ ಸಂಶೋಧನಾ ನಿರ್ದೇಶನಾಲಯದ ಕೊಡುಗೆ ವನರಾಜ ಮತ್ತು ಗ್ರಾಮಪ್ರಿಯ. ವನರಾಜ ಮೈ ಕಟ್ಟುವ ಕೋಳಿ. ಹಿತ್ತಿಲಲ್ಲಿ 100ರಿಂದ 120 ಮೊಟ್ಟೆ ಇಟ್ಟರೆ ಹೆಚ್ಚು. ಗ್ರಾಮಪ್ರಿಯ ಹೆಸರಿಗೆ ತಕ್ಕ ಹಾಗೆ ಮೊಟ್ಟೆಯ ಕೋಳಿ. ಹಿತ್ತಿಲಲ್ಲೂ 160ರಿಂದ 180ರವರೆಗೆ ಇಡಬಲ್ಲದು. ಕೇರಳದ ಮಣ್ಣುತ್ತಿಯಲ್ಲಿ ರೂಪುಗೊಂಡ ಗ್ರಾಮಲಕ್ಷ್ಮಿ, ಗ್ರಾಮಶ್ರೀ ತಳಿಗಳೂ ಹೆಚ್ಚು ಕಡಿಮೆ ಇದೇ ಸಾಲಿನವು. ಗ್ರಾಮಲಕ್ಷ್ಮಿಯಲ್ಲಿ ಆಸ್ಟ್ರಲಾರ್ಪ್ ಮತ್ತು ಬಿಳಿ ಲೆಗ್‌ಹಾರ್ನ್ ಎರಡರ ರಕ್ತ ಉಂಟು. ಕೇರಳದ ಮಳೆ, ಸೆಕೆ ನೋಡಿಯೇ ಮಾಡಿದ ಕೋಳಿಗಳಿವು.

ಬಿವಿ 380 ಖಾಸಗಿ ಹ್ಯಾಚರಿಯ ಕಂದು ಮೊಟ್ಟೆಯ ಕೋಳಿ. ಚೆನ್ನಾಗಿ ಸಾಕಿದರೆ ವರ್ಷಕ್ಕೆ 280ಕ್ಕೂ ಮೇಲೆ ಇಡುತ್ತದೆ. 'ಚೆನ್ನಾಗಿ ಸಾಕಿದರೆ' ಎಂಬ ಮಾತಿನ ಅರ್ಥವನ್ನು ಮುಂದೆ ನೋಡೋಣ. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ. 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಬೆಲೆ ಗಗನಕ್ಕೇರಿತು. ಮೊಟ್ಟೆ ವರ್ಷಕ್ಕೆ ನೂರರ ಆಸುಪಾಸು. ಅಂಕಕ್ಕೆ ಬಿಡುವ ಅಸೀಲ್ ಜಾತಿಯ ಕೋಳಿ ನೋಡಲು ಗತ್ತಿನದ್ದಾದರೂ ಮೊಟ್ಟೆಯಲ್ಲಿ ತೀರಾ ಹಿಂದೆ. ಕೋಳಿ ಅಂಕವೂ ಕಾನೂನಿಗೆ ವಿರುದ್ಧ. ಮೊದಲ ಬಾರಿ ಸಾಕುವವರಿಗೆ ಇವೆರಡೂ ಹೇಳಿದ್ದಲ್ಲ.

ಇನ್ನುಳಿದದ್ದು ಊರ ಕೋಳಿ. ಮೈಸೂರು ಕಡೆಯವರು ನಾಟಿ ಅನ್ನುವ, ಉತ್ತರದವರು ಜವಾರಿ ಅನ್ನುವ, ಮಲಯಾಳದಲ್ಲಿ ನಾಡನ್ ಆಗುವ ಅದೇ ಕೋಳಿ. ವರ್ಷಕ್ಕೆ 50ರಿಂದ 70 ಮೊಟ್ಟೆ. ಇಷ್ಟೇನಾ ಎಂದು ಮೂಗು ಮುರಿಯುವ ಮೊದಲು ಅದರ ಉಳಿದ ಗುಣಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೆಕ್ಕ ಹಾಕಿ ನೋಡಿದರೆ

ಒಬ್ಬರಿಗೆ ದಿನಕ್ಕೆ ಅರ್ಧ ಮೊಟ್ಟೆ, ಅಂದರೆ ವರ್ಷಕ್ಕೆ 180 ಮೊಟ್ಟೆ ಬೇಕು ಎಂಬುದು ಪೌಷ್ಟಿಕ ಆಹಾರ ತಜ್ಞರು ಹೇಳುತ್ತ ಬಂದ ಮಾತು. ಐದು ಮಂದಿಯ ಮನೆಗೆ 900 ಮೊಟ್ಟೆ. ಊರ ಕೋಳಿಯಿಂದಲೇ ಇದನ್ನು ಪಡೆಯಬೇಕಾದರೆ 15 ಹೇಂಟೆ ಬೇಕು. ಸ್ವರ್ಣಧಾರ, ಗ್ರಾಮಶ್ರೀ, ಗ್ರಾಮಪ್ರಿಯದಂಥ ಮಧ್ಯಮ ತಳಿಯಾದರೆ ಐದಾರು ಸಾಕು. ಬಿವಿ 380 ಆದರೆ ಮೂರು ನಾಲ್ಕರಲ್ಲೇ ಮುಗಿಯಿತು.

ಹಾಗಾದರೆ ಕೊನೆಯದೇ ಲಾಭ ಅಲ್ಲವೇ? ಕಾಗದದ ಮೇಲೆ ಹೌದು. ಆದರೆ ವರ್ಷಕ್ಕೆ 280 ಮೊಟ್ಟೆ ಇಡುವ ಕೋಳಿ ಗಾಳಿ ಕುಡಿದು ಇಡುವುದಿಲ್ಲ. ದಿನಕ್ಕೆ ಸುಮಾರು 110 ಗ್ರಾಂ ಒಳ್ಳೆ ಆಹಾರ ಬೇಕು. ವರ್ಷಕ್ಕೆ ಒಂದಕ್ಕೆ 40 ಕಿಲೋ, ನಾಲ್ಕಕ್ಕೆ 160 ಕಿಲೋ. ಅದೂ ಅನ್ನದ ಉಳಿಕೆಯಲ್ಲ, ಅಂಗಡಿಯಿಂದ ತರುವ ಮೊಟ್ಟೆ ಕೋಳಿಯ ಆಹಾರ. ಸುಣ್ಣದ ಅಂಶ ಕಡಿಮೆಯಾದರೆ ತೆಳು ಚಿಪ್ಪಿನ ಮೊಟ್ಟೆ, ಮತ್ತೂ ಕಡಿಮೆಯಾದರೆ ತನ್ನ ಎಲುಬಿನಿಂದಲೇ ತೆಗೆದು ಮೊಟ್ಟೆಗೆ ಕೊಟ್ಟು ಕೊನೆಗೆ ಕಾಲು ಎಳೆಯುವ ಸ್ಥಿತಿ. ಚಳಿಗಾಲದಲ್ಲಿ ಹಗಲು ಗಿಡ್ಡವಾದಾಗ ಮೊಟ್ಟೆ ನಿಲ್ಲದಿರಲು ಸಂಜೆ ಒಂದೆರಡು ಗಂಟೆ ಬಲ್ಬಿನ ಬೆಳಕೂ ಬೇಕು. 'ಚೆನ್ನಾಗಿ ಸಾಕಿದರೆ' ಅಂದರೆ ಇದು. ಗೂಡಿನಲ್ಲಿಟ್ಟು ಹೊತ್ತು ಹೊತ್ತಿಗೆ ನೋಡಿಕೊಳ್ಳುವವರಿಗೆ ಅದು ಒಳ್ಳೆಯ ಕೋಳಿಯೇ. 'ಬಿಟ್ಟು ಸಾಕುತ್ತೇವೆ, ಅದರಷ್ಟಕ್ಕೆ ತಿನ್ನುತ್ತದೆ' ಎನ್ನುವವರಿಗೆ ಅಲ್ಲ.

ಊರ ಕೋಳಿಯ ಲೆಕ್ಕ ಇನ್ನೊಂದು ಬಗೆಯದು. ಅದು ತರಗೆಲೆ ಕೆದರಿ ಗೆದ್ದಲು, ಹುಳ ಹುಪ್ಪಟೆ ಹೆಕ್ಕಿ ತಿನ್ನುತ್ತದೆ. ಗೊಬ್ಬರದ ಗುಂಡಿಯಲ್ಲಿ ತೆಂಗಿಗೆ ಕಾಟ ಕೊಡುವ ಕುರುವಾಯಿ ದುಂಬಿಯ ಹುಳುಗಳನ್ನೂ ಬಿಡುವುದಿಲ್ಲ. ಸಂಜೆ ಒಂದು ಹಿಡಿ ನುಚ್ಚು, ತೌಡು ಹಾಕಿದರೆ ಆಯಿತು. ಹದ್ದಿನ ನೆರಳು ನೆಲಕ್ಕೆ ಬಿದ್ದೊಡನೆ ಕೂಗು ಹಾಕಿ ಮರಿಗಳನ್ನು ರೆಕ್ಕೆಯಡಿ ಸೇರಿಸುತ್ತದೆ. ಎಲ್ಲಕ್ಕಿಂತ ದೊಡ್ಡದು, ಅದು ಕಾವಿಗೆ ಕೂರುತ್ತದೆ. ಹತ್ತು ಹನ್ನೆರಡು ಮೊಟ್ಟೆ ಇಟ್ಟು 21 ದಿನ ಕೂತರೆ ಮರಿ. ಕರೆಂಟು ಬೇಡ, ಬಲ್ಬು ಬೇಡ, ಮರಿಗೆ ದುಡ್ಡೂ ಬೇಡ.

ಮೊಟ್ಟೆ ಹೆಚ್ಚು ಇಡುವ ಹಾಗೆ ಮಾಡಿದ ತಳಿಗಳಲ್ಲಿ ಈ ಗುಣವೇ ಹೋಗಿರುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಾದ್ದರಿಂದ ಕಾವು ಕೂರದ ಕೋಳಿಗಳನ್ನೇ ಆರಿಸಿ ಆರಿಸಿ ಬೆಳೆಸಲಾಗಿದೆ. ಗಿರಿರಾಜವೋ ಗ್ರಾಮಶ್ರೀಯೋ ಮನೆಗೆ ಬಂದರೆ ಎರಡು ವರ್ಷದ ಬಳಿಕ ಮತ್ತೆ ಮರಿಗೆ ಹೊರಗೆ ಕೈಯೊಡ್ಡಬೇಕು. ಅವುಗಳ ಮೊಟ್ಟೆಯನ್ನು ಊರ ಹೇಂಟೆಯ ಕೆಳಗಿಟ್ಟು ಮರಿ ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಇವು ಬೇರೆ ಬೇರೆ ಜಾತಿ ಕೂಡಿಸಿ ಮಾಡಿದವು. ಎರಡನೇ ತಲೆಮಾರಿಗೆ ಅದೇ ಮೊಟ್ಟೆ, ಅದೇ ತೂಕ ಬರುವುದಿಲ್ಲ. ಒಂದು ಅಜ್ಜನ ಹಾಗೆ, ಇನ್ನೊಂದು ಅಜ್ಜಿಯ ಹಾಗೆ.

ಯಾವ ಮನೆಗೆ ಯಾವುದು?

ಎಲ್ಲರಿಗೂ ಒಂದೇ ತಳಿ ಎಂದು ಹೇಳುವವರ ಮಾತು ನಂಬುವುದು ಬೇಡ. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರ ಅಗತ್ಯ ಬೇರೆ, ಎರಡೆಕರೆ ಅಡಿಕೆ ತೋಟದ ನಡುವೆ ಇರುವವರದ್ದು ಬೇರೆ.

ಜಾಗ ಕಡಿಮೆ, ಪಕ್ಕದ ಮನೆಯ ಬಸಳೆ ಚಪ್ಪರ ಕೈಗೆಟಕುವಷ್ಟು ಹತ್ತಿರ ಇದ್ದರೆ ಬಿಟ್ಟು ಸಾಕುವ ಯೋಚನೆ ಮಾಡಲೇಬಾರದು. ಕೋಳಿ ಒಂದು ಗಳಿಗೆಯಲ್ಲಿ ಕೆದರಿದ್ದು ನೆರೆಕರೆಯ ಮಾತು ಬಿಡಿಸಲು ಸಾಕು. ಅಂಥವರು ಮೂರು ನಾಲ್ಕು ಗ್ರಾಮಶ್ರೀಯನ್ನೋ ಬಿವಿ 380ನ್ನೋ ಗೂಡಿನಲ್ಲಿ ಸಾಕಿ, ಆಹಾರದ ಖರ್ಚು ಲೆಕ್ಕ ಬರೆದಿಡುವುದು ಒಳ್ಳೆಯದು. ಹುಂಜ ಬೇಡವೇ ಬೇಡ. ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಇಷ್ಟು ಸಣ್ಣ ವಿಷಯ ತಿಳಿಯದೆ ಹುಂಜ ತಂದು, ಬೆಳಗಿನ ನಾಲ್ಕು ಗಂಟೆಗೆ ಅದು ಕೂಗಿ, ಪಕ್ಕದ ಮನೆಯವರು ಬಾಗಿಲಿಗೆ ಬಂದ ಮೇಲೆ ಮಾರುವವರೂ ಇದ್ದಾರೆ.

ತೋಟ ಇದ್ದವರಿಗೆ ಬಿಟ್ಟು ಸಾಕುವ ಕೋಳಿಯೇ ಸರಿ. ಆದರೆ ತೋಟ ಇದೆ ಎಂದ ಮಾತ್ರಕ್ಕೆ ಗಿರಿರಾಜ ಬೇಕೆಂದಿಲ್ಲ. ಭಾರದ ಮೈಯ ಕೋಳಿ ಓಡುವುದು ಕಡಿಮೆ. ನರಿ, ಕಾಡುಬೆಕ್ಕು, ಮುಂಗುಸಿ ಇರುವಲ್ಲಿ ಮೊದಲು ಬಲಿಯಾಗುವುದು ಅದೇ. ಬಿಳಿ ಗರಿಯ ಕೋಳಿಯೂ ದೂರದಿಂದ ಗಿಡುಗದ ಕಣ್ಣಿಗೆ ಬೀಳುತ್ತದೆ. ಇಲ್ಲಿ ಸ್ವರ್ಣಧಾರ, ಗ್ರಾಮಪ್ರಿಯ, ಗ್ರಾಮಶ್ರೀಯಂಥ ಹಗುರ ಮೈಯ ಬಣ್ಣದ ಕೋಳಿ ಹೆಚ್ಚು ಹೊಂದುತ್ತದೆ. ಮಾಂಸಕ್ಕೆಂದೇ ಸಾಕುವವರು, ಸುತ್ತ ಬಲೆ ಬೇಲಿ ಹಾಕಬಲ್ಲವರು ಗಿರಿರಾಜ, ವನರಾಜದ ಕಡೆ ನೋಡಬಹುದು.

ಮಕ್ಕಳು ಮಂಗಳೂರು, ಬೆಂಗಳೂರು, ಗಲ್ಫ್ ಎಂದು ಹೋಗಿ, ಮನೆಯಲ್ಲಿ ವಯಸ್ಸಾದವರಿಬ್ಬರೇ ಉಳಿದಿರುವ ಮನೆಗಳೂ ಗಡಿನಾಡಿನಲ್ಲಿ ಕಡಿಮೆ ಏನಲ್ಲ. ಮಗ ರಜೆಯಲ್ಲಿ ಬಂದು ಉತ್ಸಾಹದಿಂದ 25 ಮರಿ ತಂದುಬಿಟ್ಟು ಹೋಗುತ್ತಾನೆ. ಚೀಲ ಹೊರುವುದು, ಗೂಡು ತೊಳೆಯುವುದು ಅಮ್ಮನ ಪಾಲಿಗೆ. ಅಂಥ ಮನೆಗೆ ನಾಲ್ಕು ಊರ ಹೇಂಟೆ, ಒಂದು ಹುಂಜ ಸಾಕು. ಮೊಟ್ಟೆ ಕಡಿಮೆಯಾದರೂ ಇಬ್ಬರಿಗೆ ಸಾಲುತ್ತದೆ, ಅಂಗಳದಲ್ಲಿ ಜೀವವೂ ಇರುತ್ತದೆ.

ಮಧ್ಯದ ದಾರಿಯೂ ಉಂಟು. ಮೊದಲ ಬಾರಿ ಸಾಕುವ ಹೆಚ್ಚಿನ ತೋಟದ ಮನೆಗಳಿಗೆ ಅದುವೇ ಒಳ್ಳೆಯದು: ಮಧ್ಯಮ ತಳಿಯ ನಾಲ್ಕೈದು ಹೇಂಟೆ, ಜತೆಗೆ ಎರಡು ಊರ ಹೇಂಟೆ, ಒಂದು ಊರ ಹುಂಜ. ಮೊದಲಿನವು ಮೊಟ್ಟೆಗೆ, ಎರಡನೆಯವು ಮರಿಗೆ. ಊರ ಕೋಳಿಯನ್ನು ಸಂತೆಯಿಂದ ತರುವ ಬದಲು ಗುರುತಿನ ಮನೆಯಿಂದ ತರಬೇಕು. ತಂದ ಮೇಲೆ ಎರಡು ವಾರ ಬೇರೆಯೇ ಇಟ್ಟು, ರೋಗ ಇಲ್ಲವೆಂದು ನೋಡಿ ಉಳಿದವುಗಳ ಜತೆ ಬಿಡಬೇಕು. ಕಾವಿಗೆ ಇಡುವಾಗ ಊರ ಹೇಂಟೆಯ ಮೊಟ್ಟೆಯನ್ನೇ ಆರಿಸಿ ಇಟ್ಟರೆ ತಳಿಯೂ ಕೆಡುವುದಿಲ್ಲ.

ಕೊಳ್ಳುವಾಗ ಮೋಸ ಹೋಗದಿರಲಿ

ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿದ ಮರಿ ಮಾರುವುದನ್ನು ಎಲ್ಲರೂ ನೋಡಿದ್ದಾರೆ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಎರಡು ಕೊಡಿಸುತ್ತಾನೆ. ಮೊಟ್ಟೆ ಕೋಳಿಯ ಹ್ಯಾಚರಿಗಳಲ್ಲಿ ಹೇಂಟೆ ಮರಿಗಳನ್ನು ಆರಿಸಿದ ಮೇಲೆ ಉಳಿಯುವ ಹುಂಜ ಮರಿಗಳೇ ಹೆಚ್ಚಾಗಿ ಹೀಗೆ ಬಣ್ಣ ಹಚ್ಚಿಕೊಂಡು ಅಗ್ಗಕ್ಕೆ ಬರುವುದು. ಅವು ಮೊಟ್ಟೆ ಇಡುವ ಪ್ರಶ್ನೆಯೇ ಇಲ್ಲ. ಬೆಚ್ಚಗೆ ಇಡುವವರಿಲ್ಲದೆ ಹೆಚ್ಚಿನವು ವಾರ ದಾಟುವುದೂ ಇಲ್ಲ. ಮಕ್ಕಳಿಗೆ ಕೋಳಿ ಸಾಕುವ ಮೊದಲ ಪಾಠ ಸಾವಿನದ್ದಾಗುವುದು ಬೇಡ.

ಒಂದು ದಿನದ ಮರಿ ಅಗ್ಗ ಎಂದು ಮೊದಲ ಬಾರಿಗೆ ಅದಕ್ಕೆ ಕೈ ಹಾಕುವುದೂ ಬೇಡ. ಮೊದಲ ವಾರ ಅದಕ್ಕೆ 32ರಿಂದ 35 ಡಿಗ್ರಿ ಬಿಸಿ ಬೇಕು. ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತ ಹೋಗಬೇಕು. ಬುಟ್ಟಿಗೆ ಬಲ್ಬು ಕಟ್ಟಿ, ಕೆಳಗೆ ಉಮಿ ಹಾಸಿ, ಮರಿ ಗುಂಪುಗೂಡಿದರೆ ಚಳಿ, ದೂರ ಓಡಿದರೆ ಸೆಕೆ ಎಂದು ರಾತ್ರಿಯೂ ಎದ್ದು ನೋಡಬೇಕು. ಕರೆಂಟು ಹೋಗುವ ನಮ್ಮೂರುಗಳಲ್ಲಿ ಇದು ಸುಲಭದ ಕೆಲಸವಲ್ಲ. ಒಂದೂವರೆ ಎರಡು ತಿಂಗಳ, ಲಸಿಕೆ ಆದ ಮರಿಗೆ ದುಡ್ಡು ಹೆಚ್ಚಾದರೂ ಅದೇ ಅಗ್ಗ. ಆ ವಯಸ್ಸಿಗೆ ಹೇಂಟೆ ಹುಂಜ ಯಾವುದೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. 'ನಾಳೆಯೇ ಮೊಟ್ಟೆ' ಎಂದು ಮಾರುವ ಬೆಳೆದ ಕೋಳಿಯ ಬಗ್ಗೆಯೂ ಎಚ್ಚರ ಬೇಕು. ಫಾರ್ಮಿನಲ್ಲಿ ಮೊಟ್ಟೆ ಇಟ್ಟು ಮುಗಿಸಿದ ಮುದಿ ಕೋಳಿಯೂ ಹಾಗೆ ಬರುವುದುಂಟು. ಕಾಲಿನ ಚರ್ಮ ದೊರಗಾಗಿದೆಯಾ, ಕೊಕ್ಕು ಕತ್ತರಿಸಿದೆಯಾ, ಗರಿ ಉದುರಿದೆಯಾ ಎಂದು ನೋಡಬೇಕು.

ಇನ್ನು ಚಿಪ್ಪಿನ ಬಣ್ಣ. ಕಂದು ಮೊಟ್ಟೆ ಎಲ್ಲ ಊರ ಕೋಳಿಯದ್ದಲ್ಲ, ಬಿಳಿ ಮೊಟ್ಟೆ ಸತ್ವ ಇಲ್ಲದ್ದೂ ಅಲ್ಲ. ಚಿಪ್ಪಿನ ಬಣ್ಣ ತಳಿಗೆ ಸೇರಿದ್ದು, ಒಳಗಿನ ಹಳದಿಯ ಬಣ್ಣ ಕೋಳಿ ತಿಂದ ಸೊಪ್ಪಿಗೆ ಸೇರಿದ್ದು. ಇದು ತಿಳಿದಿದ್ದರೆ ಕೊಳ್ಳುವಾಗಲೂ ಮಾರುವಾಗಲೂ ಒಳ್ಳೆಯದು.

ಗೂಡಿನ ಮಾತನ್ನು ಇಲ್ಲಿ ಉದ್ದ ಮಾಡಬೇಕಾಗಿಲ್ಲ. ಇಷ್ಟು ಮಳೆ ಬೀಳುವ ಊರಿನಲ್ಲಿ ಗೂಡು ನೆಲಕ್ಕೆ ತಾಗಿರಬಾರದು. ಮುರಕಲ್ಲಿನ ಮೇಲೆ ಎತ್ತರಿಸಿ, ಅಡಿಕೆ ದಬ್ಬೆಯ ನೆಲ ಮಾಡಿ, ಕೋಳಿಯೊಂದಕ್ಕೆ ಒಂದೂವರೆ ಎರಡು ಚದರ ಅಡಿ ಜಾಗ ಕೊಟ್ಟು, ಸಣ್ಣ ಕಣ್ಣಿನ ಬಲೆ ಹೊಡೆದರೆ ಆಯಿತು. ಹೆಬ್ಬಾವಿನ ತಲೆ ಹೋಗುವಷ್ಟು ಸಂದು ಉಳಿದರೆ ಆ ಗೂಡು ಕೋಳಿಗಲ್ಲ, ಹೆಬ್ಬಾವಿಗೆ ಕಟ್ಟಿದ ಹಾಗೆ. ಗೂಡು ಮೊದಲು, ಕೋಳಿ ಆಮೇಲೆ. ಹಲವರು ಇದನ್ನು ತಿರುವುಮುರುವು ಮಾಡುತ್ತಾರೆ.

ನೂರು ಡೋಸ್, ಐದು ಕೋಳಿ

ತಳಿ ಯಾವುದೇ ಇರಲಿ, ಲಸಿಕೆ ಇಲ್ಲದಿದ್ದರೆ ಎಲ್ಲವೂ ಒಂದೇ. ಕತ್ತು ತಿರುಚಿ, ಹಸಿರು ಬೇಧಿಯಾಗಿ ಸಾಯಿಸುವ ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ತಡೆಯುವ ಲಸಿಕೆ ಮಾತ್ರ ಇದೆ. ಊರ ಕೋಳಿಗೆ ರೋಗ ಬಾರದು ಎಂಬುದು ತಪ್ಪು ನಂಬಿಕೆ. ಈ ರೋಗಕ್ಕೆ ಊರು ಪರವೂರು ಎಂಬ ಭೇದ ಇಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೇ ವಾರದ ಸುಮಾರಿಗೆ ರೆಕ್ಕೆಯ ಬುಡಕ್ಕೆ ಚುಚ್ಚುಮದ್ದು. ಎರಡನೇ ವಾರ ಗುಂಬೊರೊ ರೋಗದ್ದು ಬೇರೆ.

ತೊಡಕು ಇರುವುದು ಇಲ್ಲೇ. ಲಸಿಕೆಯ ಸೀಸೆ ಬರುವುದೇ ನೂರು, ಇನ್ನೂರು ಡೋಸ್ ಲೆಕ್ಕದಲ್ಲಿ. ತಂಪಿನಲ್ಲಿಟ್ಟೇ ತರಬೇಕು. ಒಮ್ಮೆ ಕರಗಿಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿ ಇರುವ ಮನೆಯವರು ಇದನ್ನು ತರುವುದು ಹೇಗೆ? ತರುವುದಿಲ್ಲ. ಫಾರ್ಮಿನ ಐದು ಸಾವಿರ ಕೋಳಿಗೆ ಸುಲಭವಾದದ್ದು ಹಿತ್ತಿಲ ಐದು ಕೋಳಿಗೆ ಕಷ್ಟವಾಗುತ್ತದೆ. ಹಿತ್ತಿಲ ಕೋಳಿ ಸಾಯುವುದು ಬಡತನದಿಂದಲ್ಲ, ಈ ಸೀಸೆಯ ಗಾತ್ರದಿಂದ.

ಪರಿಹಾರ ಕಷ್ಟದ್ದಲ್ಲ. ಒಂದು ವಾರ್ಡಿನ 20 ಮನೆಯವರು ಸೇರಿದರೆ ಒಂದು ಸೀಸೆ ಸರಿಹೋಗುತ್ತದೆ. ಕುಟುಂಬಶ್ರೀ ಘಟಕಗಳು ವಾರಕ್ಕೊಮ್ಮೆ ಹೇಗೂ ಸೇರುತ್ತವೆ. ಮೃಗಾಸ್ಪತ್ರೆಯವರು ತಿಂಗಳಿಗೊಂದು ದಿನ ಇಂಥ ವಾರ್ಡಿಗೆ ಲಸಿಕೆ ಎಂದು ಗೊತ್ತು ಮಾಡಿ, ಸಂಜೆ ಕೋಳಿ ಗೂಡು ಸೇರುವ ಹೊತ್ತಿಗೆ ಬಂದರೆ ಕೆಲಸ ಮುಗಿಯಿತು. ಮರಿ ವಿತರಣೆಗೆ ದುಡ್ಡು ಇಡುವ ಪಂಚಾಯತ್‌ಗಳು ಅದೇ ಯೋಜನೆಯಲ್ಲಿ ಇದನ್ನೂ ಸೇರಿಸಬೇಕು. ಮರಿ ಹಂಚುವ ದಿನ ಫೋಟೊ ತೆಗೆಯುತ್ತಾರೆ. ಆರು ತಿಂಗಳ ಬಳಿಕ ಅವುಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸುವವರೂ ಬೇಕಲ್ಲ?

ಹಲವು ಕೋಳಿಗಳು ಒಟ್ಟಿಗೇ ಸತ್ತರೆ ತೋಡಿಗೆ ಎಸೆಯದೆ, ಗುಟ್ಟಾಗಿ ಹೂಳದೆ ಮೃಗಾಸ್ಪತ್ರೆಗೆ ತಿಳಿಸಬೇಕಾದದ್ದೂ ಸಾಕುವವರ ಕರ್ತವ್ಯ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡುಬಂತು. 2014ರಲ್ಲಿ ಕೇರಳದ ಆಲಪ್ಪುಝ, ಕೋಟ್ಟಯಂ ಕಡೆಗೂ ಬಂತು. ಒಬ್ಬರು ಮುಚ್ಚಿಟ್ಟರೆ ಊರಿಗೇ ನಷ್ಟ.

ತಿಳಿವಳಿಕೆ ತಿಳಿಯುವ ಭಾಷೆಯಲ್ಲಿ ಬರಲಿ

ಕೊನೆಗೊಂದು ಮಾತು. ಮರಿ ಜತೆ ಬರುವ ಕರಪತ್ರ ಹೆಚ್ಚಾಗಿ ಮಲಯಾಳದಲ್ಲಿರುತ್ತದೆ. ಶಾಲೆಗೆ ಹೋಗುವ ಮಕ್ಕಳು ಓದಿ ಹೇಳಬಲ್ಲರು ನಿಜ. ಆದರೆ ಕೋಳಿ ಸಾಕುವುದು ಶಾಲೆಗೆ ಹೋಗುವ ಮಕ್ಕಳಲ್ಲ, ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿ ಮನೆ ಸೇರಿದ ಅಮ್ಮಂದಿರು. ಎಷ್ಟನೇ ದಿನ ಯಾವ ಲಸಿಕೆ ಎಂಬುದು ಅವರಿಗೆ ತಿಳಿಯದಿದ್ದರೆ ಆ ಕರಪತ್ರ ಒಲೆಗೆ ಬೆಂಕಿ ಹಿಡಿಸಲು ಮಾತ್ರ ಆದೀತು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳ ಜತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಅವಕಾಶ ಇದೆ. ಗ್ರಾಮಸಭೆಯಲ್ಲಿ ಎದ್ದು ನಿಂತು 'ಲಸಿಕೆಯ ಪಟ್ಟಿ ಕನ್ನಡದಲ್ಲೂ ಕೊಡಿ' ಎಂದು ಕೇಳಿದರೆ ಅದು ಜಗಳವಲ್ಲ. ಒಂದು ಪುಟದ ಪಟ್ಟಿ, ಅಷ್ಟೇ. ಅದರಿಂದ ಉಳಿಯುವುದು ಕೋಳಿ. ಕಾಸರಗೋಡಿನ ಸಿಪಿಸಿಆರ್‌ಐ ಆವರಣದಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಉಂಟು. ಹೋಗಿ ಕೇಳುವವರು ಹೆಚ್ಚಿದಂತೆ ಕನ್ನಡದಲ್ಲಿ ಹೇಳುವವರೂ ಹೆಚ್ಚುತ್ತಾರೆ.

ಕಾಸರಗೋಡು ಗಿಡ್ಡ ದನದ ಬಗ್ಗೆ ಇಂದು ಎಲ್ಲರಿಗೂ ಅಭಿಮಾನ. ಬದಿಯಡ್ಕ ಹತ್ತಿರದ ಬೇಳದಲ್ಲಿ ಅದಕ್ಕೆಂದೇ ಸರಕಾರಿ ಫಾರ್ಮ್ ಇದೆ. ಕಣ್ಣೂರು, ಕೋಝಿಕ್ಕೋಡು ಕಡೆಯ ಕಪ್ಪು ಗರಿಯ ತಲಶ್ಶೇರಿ ಕೋಳಿಗೂ ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆಯಲ್ಲಿ ತಳಿಯೆಂದು ನೋಂದಣಿ ಆಗಿದೆ. ಗಿಡ್ಡ ದನದ ಹಟ್ಟಿಯ ಪಕ್ಕದಲ್ಲೇ ತರಗೆಲೆ ಕೆದರುವ ನಮ್ಮ ಊರ ಕೋಳಿಗೆ ಮಾತ್ರ ಹೆಸರೂ ಇಲ್ಲ, ಕೇಳುವವರೂ ಇಲ್ಲ. ಮೊದಲ ಬಾರಿ ಸಾಕುವವರು ಮೊಟ್ಟೆಯ ಕೋಳಿ ತರಲಿ, ಬೇಡವೆನ್ನುವುದು ಸರಿಯಲ್ಲ. ಆದರೆ ಅದರ ಜತೆ ಎರಡು ಊರ ಹೇಂಟೆಗೂ ಗೂಡಿನಲ್ಲಿ ಜಾಗ ಇರಲಿ.

ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕತೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಅಜ್ಜಿಯನ್ನು ನೋಡಿ ನಗುವುದು ಸುಲಭ. ಆದರೆ ಆ ಅಜ್ಜಿಯ ಕೈಯಲ್ಲಿ ವರ್ಷ ವರ್ಷವೂ ಉಳಿದು ಬಂದ ಒಂದು ಕೋಳಿಯಾದರೂ ಇತ್ತು. ಸೌದೆ ತುಂಬಿದ ಗೂಡಿನಿಂದ ಯಾವ ಕೂಗೂ ಬರುವುದಿಲ್ಲ.